ಬ್ರೌಸರುಗಳ ತಾಳ್ಮೆ

ಇಬ್ಬರು ಪ್ರಯಾಣಿಕರು ಒಂದೇ ಬಸ್ಸಿಗಾಗಿ ನಿಲ್ದಾಣದಲ್ಲಿ ನಿಂತಿದ್ದಾರೆಂದು ಇಟ್ಟುಕೊಳ್ಳೋಣ. ಬಸ್ಸು ತಡವಾಯಿತು. ಒಬ್ಬನು ಒಂದು ಗಂಟೆ ಕಾದು, ಬೇಸತ್ತು, ಮನೆಗೆ ಹಿಂದಿರುಗಿ ‘ಇವೊತ್ತು ಬಸ್ಸೇ ಇಲ್ಲ’ ಎಂದು ಸಾರಿದನು. ಇನ್ನೊಬ್ಬನು ಐದು ಗಂಟೆಯಾದರೂ ಕಾಯುವ ಸ್ವಭಾವದವನು. ಎರಡನೆಯ ಗಂಟೆಯಲ್ಲಿ ಬಸ್ಸು ಬಂದಿತು, ಹತ್ತಿ ಹೋದನು. ಮೊದಲನೆಯವನು ಸುಳ್ಳಾಡಿದನೆನ್ನುವಂತಿಲ್ಲ. ಆದರೆ ಅವನು ತಂದದ್ದು ಬಸ್ಸಿನ ಸುದ್ದಿಯಲ್ಲ, ತನ್ನ ತಾಳ್ಮೆಯ ಸುದ್ದಿ. ಕಂಪ್ಯೂಟರಿನ ಅಥವಾ ಮೊಬೈಲಿನ ತೆರೆಯ ಮೇಲೆ ‘ಸರ್ವರು ಉತ್ತರಿಸುತ್ತಿಲ್ಲ’, ‘ಸಂಪರ್ಕದ ಅವಧಿ ಮೀರಿತು’ ಎಂದು ಬ್ರೌಸರು ಬರೆದು ತೋರಿಸುವ ಮಾತು ಬಹುಮಟ್ಟಿಗೆ ಇದೇ ಜಾತಿಯದು. ಇದನ್ನೇ ಟೈಮ್‌ಔಟು ಎನ್ನುತ್ತಾರೆ. ಒಂದೇ ಪುಟ ಒಂದು ಬ್ರೌಸರಿನಲ್ಲಿ ತೆರೆದು ಇನ್ನೊಂದರಲ್ಲಿ ಟೈಮ್‌ಔಟಾಗುವುದೇಕೆ, ಆ ಭೇದದ ಮೂಲವನ್ನು ಹುಡುಕುವ ಕ್ರಮ ಯಾವುದು ಎಂಬುದೇ ಈ ಲೇಖನದ ವಿಷಯ.

ಇದನ್ನು ಕುರಿತು ಬರೆಯಲು ಇವನಿಗೇನು ಅಧಿಕಾರವೆಂದು ವಾಚಕರು ಕೇಳಿದರೆ ತಪ್ಪಲ್ಲ. ನಾನು ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುತ್ತಿರುವ ಅಂತಿಮ ಬಿ.ಎ. ವಿದ್ಯಾರ್ಥಿ. ನಮ್ಮ ಮನೆತನದಲ್ಲಿ ಪದವಿ ತರಗತಿಯ ಬೆಂಚಿನ ಮೇಲೆ ಕುಳಿತವರಲ್ಲಿ ನಾನೇ ಮೊದಲಿಗ; ತಂದೆಯವರು ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಾರೆ. ಪುಸ್ತಕಕ್ಕೂ ಬಸ್ ಪಾಸಿಗೂ ಆಗಲೆಂದು ಸಂಜೆಯ ಹೊತ್ತು ಸೋದರಮಾವನ ಸೈಬರ್ ಅಂಗಡಿಯಲ್ಲಿ ಕೂರುತ್ತೇನೆ. ಪಹಣಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಶುಲ್ಕ — ಇವೇ ಅಲ್ಲಿಯ ವ್ಯಾಪಾರ. ‘ಪೇಜು ಬರ್ತಾ ಇಲ್ಲ ಅಣ್ಣಾ’ ಎಂಬ ದೂರನ್ನು ದಿನಕ್ಕೆ ಹತ್ತು ಬಾರಿಯಾದರೂ ಕೇಳುತ್ತೇನೆ. ಅಂಥ ಒಂದು ದೂರಿನಲ್ಲಿ ನಾನೇ ಮಾಡಿದ ತಪ್ಪು ಈ ಲೇಖನಕ್ಕೆ ಕಾರಣವಾಯಿತು.

ಕಳೆದ ವರ್ಷ ನನ್ನ ಸಹಪಾಠಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಹೊರಟಳು. ಕೊನೆಯ ದಿನಾಂಕಕ್ಕೆ ಇನ್ನೆರಡೇ ದಿನಗಳಿದ್ದವು. ಆಕೆಯ ಕೈಯಲ್ಲಿದ್ದದ್ದು ಬೆಂಗಳೂರಿನಲ್ಲಿ ದುಡಿಯುವ ಅಣ್ಣ ತಾನು ಬಳಸಿ ಕೊಟ್ಟಿದ್ದ ಹಳೆಯ ಐಫೋನು. ಅರ್ಜಿಯ ಅಂಕಣಗಳನ್ನೆಲ್ಲ ತುಂಬಿ, ಪ್ರಮಾಣಪತ್ರಗಳನ್ನು ಏರಿಸಿ, ‘ಸಲ್ಲಿಸು’ ಎಂಬುದನ್ನು ಒತ್ತಿದಳು. ಬಿಳಿಯ ತೆರೆ ಸ್ವಲ್ಪ ಹೊತ್ತು ನಿಂತು, ಸರ್ವರು ಉತ್ತರಿಸಲಿಲ್ಲವೆಂಬ ಮಾತು ಬಂದಿತು. ಮತ್ತೊಮ್ಮೆ ಒತ್ತಿದಳು, ಅದೇ ಮಾತು. ಸಫಾರಿಯಲ್ಲೇ ದೋಷವಿರಬೇಕೆಂದು ಅದೇ ಫೋನಿನಲ್ಲಿ ಕ್ರೋಮನ್ನು ಇಳಿಸಿಕೊಂಡು ಮೂರನೆಯ ಬಾರಿ ಪ್ರಯತ್ನಿಸಿದಳು, ಆಗಲೂ ಅದೇ. ಮರುದಿನ ನಮ್ಮ ಅಂಗಡಿಗೆ ಬಂದಳು. ನಾನು ಅಲ್ಲಿಯ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸನ್ನು ತೆರೆದು ಎಲ್ಲವನ್ನೂ ಹೊಸದಾಗಿ ತುಂಬಿ ಒತ್ತಿದೆ. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಚಕ್ರ ತಿರುಗಿತು. ಕೊನೆಗೆ ಅರ್ಜಿಯ ಸಂಖ್ಯೆ ಬಂದಿತು. ‘ಆ ಫೋನಿನ ಹಣೆಬರಹವೇ ಅಷ್ಟು ಕಣೋ’ ಎಂದರು ಮಾವ. ನಾನೂ ಏನೋ ಸಾಧಿಸಿದವನಂತೆ ಬೀಗಿದೆ.

ಒಂದು ವಾರದ ಮೇಲೆ ಆಕೆಯ ಖಾತೆಯನ್ನು ತೆರೆದು ನೋಡಿದರೆ, ಅರ್ಜಿಯನ್ನು ತಡೆಹಿಡಿಯಲಾಗಿದೆ, ಒಬ್ಬರಿಂದ ಒಂದಕ್ಕಿಂತ ಹೆಚ್ಚು ಅರ್ಜಿಗಳು ಬಂದಿವೆ ಎಂದಿತ್ತು. ಎಣಿಸಿದೆವು, ನಾಲ್ಕು. ಫೋನಿನಿಂದ ಒತ್ತಿದ ಮೂರೂ ತಲುಪಿದ್ದವು. ನಾಲ್ಕನೆಯದನ್ನು ಹಾಕಿದವನು ನಾನು.

ಹಾಗಾದರೆ ಸರ್ವರು ಕೆಲಸವನ್ನು ಮಾಡಿತ್ತು. ಉತ್ತರವನ್ನೂ ಕಳುಹಿಸಲು ಸಿದ್ಧವಾಗಿತ್ತು. ಉತ್ತರ ಬರುವ ಹೊತ್ತಿಗೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಇಷ್ಟು ತಿಳಿದ ಮೇಲೆ, ‘ಯಾವ ಬ್ರೌಸರು ಒಳ್ಳೆಯದು’ ಎಂಬ ಪ್ರಶ್ನೆಯನ್ನು ಬಿಟ್ಟು ‘ಯಾರು ಎಷ್ಟು ಹೊತ್ತು ಕಾಯುತ್ತಾರೆ’ ಎಂಬ ಪ್ರಶ್ನೆಯನ್ನು ಹಿಡಿದು ಹೊರಟೆ.

ವಿಳಾಸವನ್ನು ಬರೆದು ಒತ್ತಿದೊಡನೆ ಬ್ರೌಸರು ಮೊದಲು ಆ ಹೆಸರಿಗೆ ಸಲ್ಲುವ ಸಂಖ್ಯಾರೂಪದ ವಿಳಾಸವನ್ನು ವಿಚಾರಿಸಿಕೊಳ್ಳುತ್ತದೆ. ಬಳಿಕ ಆ ವಿಳಾಸದ ಬಾಗಿಲನ್ನು ತಟ್ಟುತ್ತದೆ. ಒಳಗಿನಿಂದ ಓಗೊಟ್ಟರೆ ಸಂಪರ್ಕವಾಯಿತು. ಆಮೇಲೆ ತನ್ನ ಕೋರಿಕೆಯನ್ನು ಒಪ್ಪಿಸಿ, ಉತ್ತರಕ್ಕಾಗಿ ಕಾದು, ಬಂದದ್ದನ್ನು ಬಿಡಿಬಿಡಿಯಾಗಿ ಪಡೆದುಕೊಳ್ಳುತ್ತದೆ. ಬಾಗಿಲು ತೆರೆಯಲೆಂದು ಕಾಯುವುದು ಬೇರೆ, ಒಳಗೆ ಕರೆದು ಕೂರಿಸಿದ ಮೇಲೆ ಉತ್ತರಕ್ಕೆ ಕಾಯುವುದು ಬೇರೆ. ಎರಡಕ್ಕೂ ಪ್ರತ್ಯೇಕ ಗಡಿಯಾರಗಳುಂಟು. ಜನರು ಎರಡನ್ನೂ ‘ಟೈಮ್‌ಔಟು’ ಎಂಬ ಒಂದೇ ಹೆಸರಿನಿಂದ ಕರೆಯುವುದರಿಂದ ಅರ್ಧ ಗೊಂದಲ ಹುಟ್ಟುತ್ತದೆ.

ಬಾಗಿಲು ತಟ್ಟುವ ಕೆಲಸವನ್ನು ವಾಸ್ತವವಾಗಿ ಮಾಡುವುದು ಬ್ರೌಸರಲ್ಲ, ಅದರ ಕೆಳಗಿರುವ ಕಾರ್ಯಾಚರಣ ವ್ಯವಸ್ಥೆ, ಎಂದರೆ ವಿಂಡೋಸ್, ಲಿನಕ್ಸ್ ಮೊದಲಾದವು. ಲಿನಕ್ಸಿನಲ್ಲಿ ಬಹುಕಾಲ ನಡೆದುಬಂದ ಪದ್ಧತಿ ಹೀಗೆ: ಒಮ್ಮೆ ತಟ್ಟಿ ೧ ಸೆಕೆಂಡು ಕಾಯುವುದು, ಓಗೊಡದಿದ್ದರೆ ಇನ್ನೊಮ್ಮೆ ತಟ್ಟಿ ೨ ಸೆಕೆಂಡು, ಹೀಗೆ ೪, ೮, ೧೬, ೩೨, ೬೪ ಎಂದು ಪ್ರತಿ ಸಲವೂ ಇಮ್ಮಡಿಸುತ್ತ ಹೋಗಿ ಒಟ್ಟು ೧೨೭ ಸೆಕೆಂಡುಗಳಾದ ಮೇಲೆ ಕೈಬಿಡುವುದು. ಈಚಿನ ಆವೃತ್ತಿಗಳಲ್ಲಿ ಮೊದಲ ಕೆಲವು ತಟ್ಟುಗಳ ಲೆಕ್ಕ ಬದಲಾಗಿದ್ದರೂ ಒಟ್ಟು ಮೊತ್ತ ಎರಡು ನಿಮಿಷದ ಆಸುಪಾಸಿನದೇ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ೩, ೬, ೧೨ ಎಂದು ಮೂರೇ ಸಲ ತಟ್ಟಿ ೨೧ನೆಯ ಸೆಕೆಂಡಿಗೆ ಮುಗಿಯುತ್ತಿತ್ತು. ಆದ್ದರಿಂದ ಒಂದೇ ಬ್ರೌಸರು ಎರಡು ಯಂತ್ರಗಳ ಮೇಲೆ ಎರಡು ಬಗೆಯ ತಾಳ್ಮೆಯನ್ನು ತೋರಿದರೆ ಬ್ರೌಸರನ್ನು ದೂರಬೇಕಾದ್ದಿಲ್ಲ. ಇದರ ಮೇಲೆ ಫೈರ್‌ಫಾಕ್ಸಿಗೆ ತನ್ನದೇ ಆದ ೯೦ ಸೆಕೆಂಡುಗಳ ಮಿತಿ ಬೇರೆ ಇದೆ. ಲಿನಕ್ಸಿನ ಗಡಿಯಾರ ಹೊಡೆಯುವ ಮುನ್ನ ಅದರ ಗಡಿಯಾರ ಹೊಡೆಯುತ್ತದೆ. ಹಲವು ಗಡಿಯಾರಗಳಿದ್ದಲ್ಲಿ ಮೊದಲು ಹೊಡೆದದ್ದರ ಮಾತೇ ನಡೆಯುವುದು.

ಇಲ್ಲಿ ಇನ್ನೊಂದು ಸ್ವಾರಸ್ಯವುಂಟು. ಇಂದು ಅನೇಕ ಜಾಲತಾಣಗಳಿಗೆ ಎರಡು ವಿಳಾಸಗಳಿರುತ್ತವೆ: ಐಪಿ ನಾಲ್ಕನೆಯ ಆವೃತ್ತಿಯದೊಂದು, ಆರನೆಯ ಆವೃತ್ತಿಯದೊಂದು. ಆರನೆಯದರ ದಾರಿ ಎಲ್ಲೋ ಮುರಿದುಬಿದ್ದಿದ್ದರೆ, ಮೊದಲು ಅದನ್ನೇ ತಟ್ಟುತ್ತ ನಿಂತ ತಂತ್ರಾಂಶ ನಿಮಿಷಗಟ್ಟಲೆ ಕಳೆಯುತ್ತದೆ. ಒಂದು ಬಾಗಿಲು ಕ್ಷಣಕಾಲ ಓಗೊಡದಿದ್ದರೆ ಇನ್ನೊಂದನ್ನೂ ತಟ್ಟಿ, ಮೊದಲು ತೆರೆದದ್ದರಲ್ಲಿ ನುಗ್ಗುವ ಉಪಾಯವನ್ನು ೨೦೧೨ರಲ್ಲಿ ಪ್ರಮಾಣಗ್ರಂಥವಾಗಿ ಪ್ರಕಟಿಸಿದರು. ಅದಕ್ಕೆ ‘ಹ್ಯಾಪಿ ಐಬಾಲ್ಸ್’ ಎಂಬ ವಿನೋದದ ಹೆಸರು. ಈ ಉಪಾಯವನ್ನು ಅರಿತ ಬ್ರೌಸರಿನಲ್ಲಿ ಪುಟ ಚಟ್ಟನೆ ತೆರೆದು, ಅರಿಯದ ಹಳೆಯ ತಂತ್ರಾಂಶದಲ್ಲಿ ತೆರೆಯದೆ ಹೋಗುವುದು ಸಹಜ.

ಈಗ ಉತ್ತರಕ್ಕಾಗಿ ಕಾಯುವ ಗಡಿಯಾರ. ನನ್ನ ಸಹಪಾಠಿಯನ್ನು ಕಾಡಿದ್ದು ಇದೇ. ಎಷ್ಟು ಹೊತ್ತು ಕಾಯತಕ್ಕದ್ದೆಂದು ಎಚ್‌ಟಿಟಿಪಿ ಎಂಬ ವ್ಯವಹಾರಪದ್ಧತಿಯ ಪ್ರಮಾಣಗ್ರಂಥಗಳು ಯಾವ ಸಂಖ್ಯೆಯನ್ನೂ ಗೊತ್ತುಮಾಡಿಲ್ಲ. ೧೯೯೯ರ ಗ್ರಂಥದಲ್ಲೂ ಇಲ್ಲ, ೨೦೨೨ರದರಲ್ಲೂ ಇಲ್ಲ. ಹೀಗಾಗಿ ಬ್ರೌಸರು ಕಟ್ಟಿದವರು ತಮಗೆ ಸರಿತೋರಿದ ಸಂಖ್ಯೆಯನ್ನು ಇಟ್ಟುಕೊಂಡರು. ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿ ೫ ನಿಮಿಷ ಕಾಯುತ್ತಿತ್ತು. ಐದನೆಯ ಆವೃತ್ತಿಯಲ್ಲಿ ಅದನ್ನು ಒಮ್ಮೆಗೇ ೬೦ ನಿಮಿಷಕ್ಕೆ ಏರಿಸಿದರು! ಒಂದು ಗಂಟೆ ಕಾಲ ಚಕ್ರ ತಿರುಗುವುದನ್ನು ಯಾವ ಮಹಾನುಭಾವನು ನೋಡುತ್ತ ಕೂರುತ್ತಿದ್ದನೋ ಕಾಣೆ. ೨೦೨೨ರ ಜೂನ್ ೧೫ರಂದು ಆ ಬ್ರೌಸರಿಗೆ ನಿವೃತ್ತಿಯಾಯಿತು. ಫೈರ್‌ಫಾಕ್ಸು ಉತ್ತರಕ್ಕೆ ೩೦೦ ಸೆಕೆಂಡು, ಎಂದರೆ ಐದು ನಿಮಿಷ, ಕಾಯುತ್ತದೆ. ಅದರ ಒಳ ಏರ್ಪಾಡುಗಳ ಪುಟದಲ್ಲಿ ಈ ಸಂಖ್ಯೆಯನ್ನು ಬೇಕಾದವರು ತಿದ್ದಬಹುದು. ಕ್ರೋಮಿನಲ್ಲಿ ಬಳಕೆದಾರರಿಗೆ ಅಂಥ ಸೌಲಭ್ಯವಿಲ್ಲ. ಇನ್ನು ಆ್ಯಪಲ್ ಕಂಪನಿಯವರು ತಮ್ಮ ಯಂತ್ರಗಳಲ್ಲಿ ಜಾಲವ್ಯವಹಾರಕ್ಕೆಂದು ಇಟ್ಟಿರುವ ಮೂಲ ವ್ಯವಸ್ಥೆಯಲ್ಲಿ ಕಾಯುವ ಅವಧಿ, ಬೇರೆ ಹೇಳದಿದ್ದರೆ, ೬೦ ಸೆಕೆಂಡು. ಸಫಾರಿ ನಿಂತಿರುವುದು ಆ ವ್ಯವಸ್ಥೆಯ ಮೇಲೆ.

ಇಲ್ಲಿಗೆ ನಮ್ಮ ಒಗಟಿನ ಮುಕ್ಕಾಲು ಭಾಗ ಬಿಡಿಸಿದಂತಾಯಿತು. ವಿದ್ಯಾರ್ಥಿವೇತನದ ಸರ್ವರು ಕೊನೆಯ ದಿನಗಳ ನೂಕುನುಗ್ಗಲಿನಲ್ಲಿ ಒಂದೊಂದು ಅರ್ಜಿಗೆ ಎರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಅರವತ್ತು ಸೆಕೆಂಡಿನ ತಾಳ್ಮೆಯವನು ಸೋತು ಹಿಂದಿರುಗಿದನು. ಮುನ್ನೂರು ಸೆಕೆಂಡಿನವನು ಅರ್ಜಿಯ ಸಂಖ್ಯೆಯನ್ನು ತಂದನು. ಹಾಗಾದರೆ ಫೋನಿನಲ್ಲಿ ಕ್ರೋಮು ಏಕೆ ಸೋತಿತು? ಐಫೋನಿನಲ್ಲಿ ಯಾವ ಕಂಪನಿಯ ಬ್ರೌಸರಾದರೂ ಸಫಾರಿಯ ಒಳಯಂತ್ರವಾದ ವೆಬ್‌ಕಿಟ್ಟನ್ನೇ ಬಳಸಬೇಕೆಂದು ಆ್ಯಪಲ್ಲಿನ ಕಟ್ಟಳೆಯಿತ್ತು. ೨೦೨೪ರಲ್ಲಿ ಅದನ್ನು ಸಡಿಲಿಸಿದ್ದು ಯುರೋಪಿನ ಒಕ್ಕೂಟದ ದೇಶಗಳಿಗೆ. ನಮ್ಮ ಸಹಪಾಠಿ ಬೇರೆ ಬ್ರೌಸರೆಂದು ತಿಳಿದು ಒತ್ತಿದ್ದು ಬೇರೆ ಅಂಗಿ ತೊಟ್ಟ ಅದೇ ಮನುಷ್ಯನನ್ನು. ಎರಡು ಸಾಕ್ಷಿಗಳು ಒಂದೇ ಮಾತಾಡಿದರೆಂದು ನಂಬುವ ಮೊದಲು ಅವರಿಬ್ಬರೂ ಒಂದೇ ಮೂಲದಿಂದ ಕೇಳಿದವರೋ ಎಂದು ವಿಚಾರಿಸಬೇಕೆಂಬುದನ್ನು ಇತಿಹಾಸದ ತರಗತಿಯಲ್ಲಿ ನಮಗೆ ಪದೇ ಪದೇ ಹೇಳಿದ್ದಾರೆ. ಅದು ಇಲ್ಲಿಯೂ ಉಪಯೋಗಕ್ಕೆ ಬಂದೀತೆಂದು ನಾನು ಎಣಿಸಿರಲಿಲ್ಲ.

ಇದೆಲ್ಲ ಓದಿ ತಿಳಿದದ್ದಾಯಿತು, ಕಣ್ಣಾರೆ ನೋಡಬೇಕೆನಿಸಿತು. ನಮ್ಮ ಕಾಲೇಜಿನ ಕಂಪ್ಯೂಟರ್ ಉಪನ್ಯಾಸಕರಲ್ಲಿ ಕೇಳಿಕೊಂಡಾಗ ಅವರು ಪೈಥಾನ್ ಭಾಷೆಯಲ್ಲಿ ಹತ್ತಿಪ್ಪತ್ತು ಸಾಲಿನ ಒಂದು ಪುಟ್ಟ ಸರ್ವರನ್ನು ಬರೆಯುವುದನ್ನು ಹೇಳಿಕೊಟ್ಟರು. ಯಾರಾದರೂ ಕೋರಿಕೆ ಕಳುಹಿಸಿದರೆ ಅದು ನಾವು ಹೇಳಿದಷ್ಟು ಸೆಕೆಂಡು ಮಲಗಿದ್ದು ಆಮೇಲೆ ‘ನಮಸ್ಕಾರ’ ಎಂದು ಉತ್ತರ ಕೊಡುತ್ತದೆ. ಪ್ರಯೋಗಶಾಲೆಯ ಒಂದು ಯಂತ್ರದಲ್ಲಿ ಅದನ್ನು ಓಡಿಸಿ, ಅದೇ ವೈಫೈಗೆ ಆಕೆಯ ಐಫೋನನ್ನೂ ಸೇರಿಸಿ, ಕೈಗಡಿಯಾರ ಹಿಡಿದು ಕುಳಿತೆವು. ೪೦ ಸೆಕೆಂಡು ಮಲಗಿಸಿದಾಗ ಎಲ್ಲ ಬ್ರೌಸರುಗಳೂ ನಮಸ್ಕಾರವನ್ನು ಪಡೆದವು. ೯೦ ಸೆಕೆಂಡಿಗೆ ಏರಿಸಿದಾಗ ಫೋನಿನ ಸಫಾರಿ ಒಂದು ನಿಮಿಷಕ್ಕೆ ಸರಿಯಾಗಿ ಕೈಬಿಟ್ಟಿತು. ಅದೇ ಫೋನಿನ ಕ್ರೋಮೂ ಹಾಗೆಯೇ. ಮೇಜಿನ ಕಂಪ್ಯೂಟರಿನ ಕ್ರೋಮು ಮತ್ತು ಫೈರ್‌ಫಾಕ್ಸು ನಾಲ್ಕು ನಿಮಿಷ ಮಲಗಿಸಿದರೂ ಕಾದವು. ಆರು ನಿಮಿಷಕ್ಕೆ ಏರಿಸಿದಾಗ ಫೈರ್‌ಫಾಕ್ಸು ಐದನೆಯ ನಿಮಿಷದಲ್ಲಿ ಎದ್ದು ಹೊರಟಿತು.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯವುಂಟುಮಾಡಿದ್ದು ಬೇರೆ ಎರಡು ಸಂಗತಿಗಳು. ಸರ್ವರು ಪೂರ್ತಿ ಮಲಗುವ ಬದಲು ಉತ್ತರದ ತಲೆಬರಹವನ್ನು ಮೊದಲೇ ಕಳುಹಿಸಿ, ಬಳಿಕ ಇಪ್ಪತ್ತು ಸೆಕೆಂಡಿಗೆ ಒಂದೊಂದು ಅಕ್ಷರದಂತೆ ಕಳುಹಿಸುವ ಹಾಗೆ ತಿದ್ದಿದೆವು. ಆಗ ಅದೇ ಐಫೋನು ಮೂರು ನಿಮಿಷ ಶಾಂತವಾಗಿ ಕಾದು ಪುಟವನ್ನು ತೋರಿಸಿತು! ಎಂದರೆ ಆ ೬೦ ಸೆಕೆಂಡು ಒಟ್ಟು ಕೆಲಸದ ಅವಧಿಯಲ್ಲ, ನಿಶ್ಶಬ್ದದ ಅವಧಿ. ಒಂದು ಅಕ್ಷರ ಬಂದರೂ ಗಡಿಯಾರ ಮತ್ತೆ ಸೊನ್ನೆಯಿಂದ ಹೊರಡುತ್ತದೆ. ಒಳಮನೆಯಿಂದ ಆಗಾಗ ‘ಬಂದೆ, ಬಂದೆ’ ಎನ್ನುತ್ತಿದ್ದರೆ ಜಗುಲಿಯಲ್ಲಿ ಕುಳಿತವನು ಎದ್ದು ಹೋಗುವುದಿಲ್ಲವಷ್ಟೆ. ಎರಡನೆಯ ಸಂಗತಿ, ಫೋನು ಕೈಬಿಟ್ಟದ್ದು ನಮ್ಮ ಪುಟ್ಟ ಸರ್ವರಿಗೆ ತಿಳಿಯಲೇ ಇಲ್ಲ. ಅದು ತೊಂಬತ್ತು ಸೆಕೆಂಡು ಮಲಗಿ, ಎದ್ದು, ಕೆಲಸ ಮುಗಿಯಿತೆಂದು ತನ್ನ ದಿನಚರಿಯಲ್ಲಿ ಬರೆದುಕೊಂಡಿತು. ಕೇಳುವವನು ಹೊರಟುಹೋದದ್ದು ಗೊತ್ತಾಗುವುದು ಅವನಿಗೆ ಉತ್ತರವನ್ನು ಕೊಡಹೋದಾಗಲೇ. ಅಷ್ಟರಲ್ಲಿ ಅರ್ಜಿ ದಾಖಲಾಗಿರುತ್ತದೆ. ಆಕೆ ಆ ದಿನಚರಿಯ ಸಾಲನ್ನು ನೋಡಿ ಏನೂ ಮಾತಾಡಲಿಲ್ಲ. ನನಗೂ ಮಾತು ಹೊರಡಲಿಲ್ಲ.

ಇಷ್ಟರಿಂದ ಗಡಿಯಾರಗಳ ಪಟ್ಟಿ ಮುಗಿಯಲಿಲ್ಲ. ಪುಟವನ್ನು ಬರೆದವರು ತಮ್ಮದೊಂದು ಗಡಿಯಾರವನ್ನು ಪುಟದೊಳಗೇ ಇಟ್ಟಿರಬಹುದು. ಪುಟವನ್ನು ಪೂರ್ತಿ ಬದಲಿಸದೆ ಹಿನ್ನೆಲೆಯಲ್ಲಿ ಕೋರಿಕೆ ಕಳುಹಿಸುವ ಎಕ್ಸ್‌ಎಚ್‌ಆರ್ ಎಂಬ ಸಾಧನ ೧೯೯೯ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯೊಡನೆ ಬಂದಿತು. ಅದಕ್ಕೆ ಈಗ ಅವಧಿಯನ್ನು ಗೊತ್ತುಮಾಡುವ ಒಂದು ಅಂಕಣವಿದೆ. ಏನೂ ಬರೆಯದಿದ್ದರೆ ಅದರ ಬೆಲೆ ಸೊನ್ನೆ. ಸೊನ್ನೆಯೆಂದರೆ ಕ್ಷಣವೂ ಕಾಯಬೇಡವೆಂದಲ್ಲ; ಪುಟದ ಕಡೆಯಿಂದ ಮಿತಿಯೇ ಇಲ್ಲವೆಂದು. ಇನ್ನೊಂದು ಎಡವುಗಲ್ಲು: ಇಲ್ಲಿಯ ಲೆಕ್ಕ ಸೆಕೆಂಡಿನದಲ್ಲ, ಸೆಕೆಂಡಿನ ಸಾವಿರದ ಒಂದು ಪಾಲಿನದು. ಮೂವತ್ತು ಸೆಕೆಂಡೆಂದು ತಿಳಿದು ೩೦ ಎಂದು ಬರೆದವನ ಪುಟ ವೇಗದ ಜಾಲದಲ್ಲಿ ಒಮ್ಮೊಮ್ಮೆ ನಡೆದು, ನಿಧಾನದ ಜಾಲದಲ್ಲಿ ಯಾವಾಗಲೂ ಸೋಲುತ್ತದೆ. ಅವನು ಜಾಲವನ್ನು ಶಪಿಸುತ್ತಾನೆ. ಈಚಿನ ‘ಫೆಚ್’ ಎಂಬ ಸಾಧನಕ್ಕೆ ಹುಟ್ಟಿನಿಂದ ಅವಧಿಯ ಅಂಕಣವೇ ಇಲ್ಲ. ನಡುವೆ ರದ್ದುಪಡಿಸುವ ಸಂಕೇತವೊಂದನ್ನು ಅದಕ್ಕೆ ಬೇರೆಯಾಗಿ ಕೊಡಬೇಕು. ಇಷ್ಟು ಹೊತ್ತಿನ ಮೇಲೆ ತಾನಾಗಿಯೇ ರದ್ದುಪಡಿಸುವ ಸಿದ್ಧ ಸಂಕೇತ ಕ್ರೋಮಿಗೂ ಫೈರ್‌ಫಾಕ್ಸಿಗೂ ಬಂದದ್ದು ೨೦೨೨ರಲ್ಲಿ. ಹಳೆಯ ಫೋನಿನ ಹಳೆಯ ಬ್ರೌಸರಿಗೆ ಆ ಹೆಸರೇ ಗೊತ್ತಿಲ್ಲವಾಗಿ, ಅಲ್ಲಿ ಪುಟ ಕಾಯುವ ಮೊದಲೇ ಮುಗ್ಗರಿಸುತ್ತದೆ. ನೋಡುವವರಿಗೆ ಅದೂ ‘ಟೈಮ್‌ಔಟೇ’.

ಪುಟದೊಳಗಿನ ಗಡಿಯಾರ ಸಮನಾಗಿ ನಡೆಯುತ್ತದೆಂಬ ಭರವಸೆಯೂ ಇಲ್ಲ. ೨೦೨೧ರಿಂದೀಚೆಗೆ ಕ್ರೋಮು, ಐದು ನಿಮಿಷಕ್ಕಿಂತ ಹೆಚ್ಚು ಕಾಲ ಮರೆಯಲ್ಲಿರುವ ಪುಟಗಳ ಗಡಿಯಾರಗಳನ್ನು ನಿಮಿಷಕ್ಕೊಮ್ಮೆ ಮಾತ್ರ ಮಿಡಿಯುವಂತೆ ನಿಧಾನಗೊಳಿಸುತ್ತದೆ, ವಿದ್ಯುತ್ತು ಉಳಿಯಲೆಂದು. ಫೋನುಗಳಲ್ಲಂತೂ ಮರೆಗೆ ಸರಿದ ಬ್ರೌಸರಿನ ಕೆಲಸ ಪೂರ್ತಿ ನಿಂತೇಹೋಗಬಹುದು. ನಮ್ಮಲ್ಲಿ ಹಣ ಕಟ್ಟುವಾಗ ಒಟಿಪಿಯನ್ನು ನೋಡಲು ಎಲ್ಲರೂ ಬ್ರೌಸರನ್ನು ಬಿಟ್ಟು ಸಂದೇಶದ ಪೆಟ್ಟಿಗೆಗೆ ಹೋಗುತ್ತೇವೆ. ಹಿಂದಿರುಗಿದಾಗ ಪುಟ ಸತ್ತಂತೆ ಬಿದ್ದಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಇತ್ತ ಸರ್ವರಿನ ಕಡೆಗೂ ಗಡಿಯಾರಗಳುಂಟು. ದೊಡ್ಡ ಜಾಲತಾಣಗಳಲ್ಲಿ ನಮ್ಮ ಕೋರಿಕೆಯನ್ನು ಮೊದಲು ಬಾಗಿಲು ಕಾಯುವ ಒಂದು ಸರ್ವರು ಪಡೆದು ಒಳಗಿನ ಸರ್ವರಿಗೆ ದಾಟಿಸುತ್ತದೆ. ಈ ಕೆಲಸಕ್ಕೆ ಹೆಸರಾದ ಎಂಜಿನ್‌ಎಕ್ಸ್ ಎಂಬುದು, ಬೇರೆ ಹೇಳದಿದ್ದರೆ, ಒಳಗಿನವರ ಮೌನವನ್ನು ೬೦ ಸೆಕೆಂಡು ಸಹಿಸಿ, ಆಮೇಲೆ ೫೦೪ ಎಂಬ ಸಂಖ್ಯೆಯ ಉತ್ತರವನ್ನು ನಮಗೆ ಕೊಡುತ್ತದೆ. ಅಪಾಚೆ ಸರ್ವರಿನ ೨.೨ರ ಆವೃತ್ತಿಯಲ್ಲಿ ಮಿತಿ ೩೦೦ ಸೆಕೆಂಡಿದ್ದದ್ದು ೨.೪ರಲ್ಲಿ ೬೦ಕ್ಕೆ ಇಳಿಯಿತು. ಮಾತು ಮುಗಿದ ಮೇಲೂ ಮುಂದಿನ ಮಾತಿಗೆಂದು ಸಂಪರ್ಕವನ್ನು ತೆರೆದಿಡುವ ಪದ್ಧತಿಯೊಂದಿದೆ. ಅದನ್ನು ಅಪಾಚೆ ೫ ಸೆಕೆಂಡಿಗೆ ಮುಚ್ಚುತ್ತದೆ. ಫೈರ್‌ಫಾಕ್ಸು ತನ್ನ ಕಡೆಯಿಂದ ೧೧೫ ಸೆಕೆಂಡು ಇಟ್ಟುಕೊಳ್ಳಲು ಸಿದ್ಧ. ಸರ್ವರು ಮುಚ್ಚುತ್ತಿರುವ ಆ ಕ್ಷಣದಲ್ಲೇ ಬ್ರೌಸರು ಅದರಲ್ಲಿ ಮಾತು ತೂರಿಸಿದರೆ ಮಾತು ನಡುದಾರಿಯಲ್ಲಿ ಬೀಳುತ್ತದೆ. ಈ ದೋಷ ಹಿಡಿಯಲು ಬಲು ಕಷ್ಟ. ಹತ್ತು ಸಲಕ್ಕೊಮ್ಮೆ ಬಂದು ಮರೆಯಾಗುತ್ತದೆ.

ಇಷ್ಟೊಂದು ಗಡಿಯಾರಗಳಲ್ಲಿ ಹೊಡೆದದ್ದು ಯಾವುದೆಂದು ತಿಳಿಯುವ ಬಗೆ ಹೇಗೆ? ನನ್ನ ಅನುಭವದಲ್ಲಿ ಮೊದಲನೆಯ ಸಾಧನ ಸೆಕೆಂಡು ಮುಳ್ಳಿರುವ ಗಡಿಯಾರ. ‘ತುಂಬಾ ಹೊತ್ತು’ ಎಂಬ ಮಾತಿನಿಂದ ಪ್ರಯೋಜನವಿಲ್ಲ. ಮೂರು ಸಲ ಅಳೆದಾಗ ಮೂರು ಸಲವೂ ೬೦ ಬಂದರೆ ಯಾರೋ ಇಟ್ಟ ಗಡಿಯಾರವಿದೆ. ೧೭, ೪೩, ೮೮ ಎಂದು ಚೆದರಿ ಬಂದರೆ ಅದು ಗಡಿಯಾರವಲ್ಲ, ದಾರಿಯ ತೊಂದರೆ. ಹೀಗೆ ಅಳೆಯುವಾಗ ಸುಮ್ಮನೆ ಓದುವ ಪುಟವನ್ನು ತೆರೆದು ಅಳೆಯಬೇಕೇ ಹೊರತು ಅರ್ಜಿಯನ್ನೋ ಹಣವನ್ನೋ ಸಲ್ಲಿಸಿ ಅಳೆಯಕೂಡದು. ಏಕೆಂಬುದನ್ನು ಮೇಲೆ ಹೇಳಿದ್ದೇನೆ.

ಎರಡನೆಯದು, ಉತ್ತರ ಬಂದಿದೆಯೋ ಇಲ್ಲವೋ ಎಂಬುದು. ಮೇಜಿನ ಕಂಪ್ಯೂಟರಿನಲ್ಲಿ ಎಫ್ ಹನ್ನೆರಡನೆಯ ಕೀಲಿಯನ್ನು ಒತ್ತಿದರೆ ‘ನೆಟ್‌ವರ್ಕ್’ ಎಂಬ ಹಾಳೆ ಸಿಗುತ್ತದೆ. ಅದರಲ್ಲಿ ಪ್ರತಿಯೊಂದು ಕೋರಿಕೆಯ ಮುಂದೆ ಉತ್ತರದ ಸಂಖ್ಯೆಯೂ ತೆಗೆದುಕೊಂಡ ಕಾಲವೂ ಇರುತ್ತದೆ. ೫೦೪ ಎಂದೋ ೪೦೮ ಎಂದೋ ಸಂಖ್ಯೆಯಿದ್ದರೆ ಆಚೆಯಿಂದ ಯಾರೋ ಉತ್ತರ ಕೊಟ್ಟಿದ್ದಾರೆ. ಬ್ರೌಸರು ಬದಲಿಸಿ ಫಲವಿಲ್ಲ. ಸಂಖ್ಯೆಯೇ ಇಲ್ಲದಿದ್ದರೆ ಕೈಬಿಟ್ಟದ್ದು ಈಚೆಯವರು: ಬ್ರೌಸರೋ, ಪುಟವೋ, ಯಂತ್ರವೋ. ಈ ಒಂದು ಭೇದವನ್ನು ಮೊದಲು ಕಂಡುಕೊಂಡರೆ ಅರ್ಧ ದಿನದ ಕೆಲಸ ಉಳಿಯುತ್ತದೆ.

ಆಮೇಲೆ ಒಂದೊಂದನ್ನೇ ಬದಲಿಸಿ ನೋಡುವುದು. ಅದೇ ಯಂತ್ರ, ಅದೇ ಜಾಲ, ಬೇರೆ ಬ್ರೌಸರು. ಬಳಿಕ ಅದೇ ಬ್ರೌಸರು, ಬೇರೆ ಜಾಲ. ನಾನು ಆ ದಿನ ಯಂತ್ರ, ಜಾಲ, ಬ್ರೌಸರು ಮೂರನ್ನೂ ಒಟ್ಟಿಗೆ ಬದಲಿಸಿ, ಗೆದ್ದದ್ದಕ್ಕೆ ಬ್ರೌಸರೇ ಕಾರಣವೆಂದು ತೀರ್ಪಿತ್ತೆ. ಅದು ಸುಮಾರಾಗಿ ಸರಿಯಾದದ್ದು ಆಕಸ್ಮಿಕ. ಖಾಸಗಿ ಕಿಟಕಿಯಲ್ಲಿ ತೆರೆದು ನೋಡುವುದೂ ಉಪಯುಕ್ತ. ಬ್ರೌಸರಿಗೆ ನಾವು ಜೋಡಿಸಿಕೊಂಡ ಹೆಚ್ಚುವರಿ ಸಾಧನಗಳು ಅಲ್ಲಿ ಸಾಮಾನ್ಯವಾಗಿ ಓಡುವುದಿಲ್ಲ. ಪ್ರಾಕ್ಸಿಯನ್ನೂ ಮರೆಯಬಾರದು. ಕ್ರೋಮು ಯಂತ್ರಕ್ಕೆ ಕೊಟ್ಟ ಪ್ರಾಕ್ಸಿಯನ್ನೇ ಬಳಸುತ್ತದೆ. ಫೈರ್‌ಫಾಕ್ಸಿಗೆ ತನ್ನದೇ ಪ್ರತ್ಯೇಕ ಅಂಕಣವಿದೆ. ಹಿಂದೆಂದೋ ಅದರಲ್ಲಿ ಬರೆದು ಮರೆತ ವಿಳಾಸವೊಂದು ಫೈರ್‌ಫಾಕ್ಸನ್ನು ಮಾತ್ರ ಇಲ್ಲದ ಬಾಗಿಲಿಗೆ ಕಳುಹಿಸುತ್ತಿರಬಹುದು. ನಮ್ಮ ಅಂಗಡಿಯ ಒಂದು ಯಂತ್ರದಲ್ಲಿ ಹೀಗೆಯೇ ಆಗಿತ್ತು.

ದೋಷವನ್ನು ಕಂಡುಹಿಡಿದ ಮೇಲೆ ಅದನ್ನು ತಿದ್ದಬೇಕಾದವರು ಯಾರು? ಫೈರ್‌ಫಾಕ್ಸಿನ ಅವಧಿಯನ್ನು ಹೆಚ್ಚಿಸಿಕೊಳ್ಳಿರೆಂದು ಊರಿನ ಎಲ್ಲರಿಗೂ ಹೇಳಲಾದೀತೇ? ಐಫೋನಿನವರು ಏನು ಮಾಡಬೇಕು? ಸರ್ವರಿನವರು ಅರ್ಜಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ಒಂದು ರಶೀದಿ ಸಂಖ್ಯೆಯನ್ನು ಕೊಟ್ಟು, ಉಳಿದ ಕೆಲಸವನ್ನು ಬೆನ್ನ ಹಿಂದೆ ಮಾಡಿದರೆ ಎಲ್ಲ ಬ್ರೌಸರುಗಳ ತಾಳ್ಮೆಯೂ ಸಾಕಾಗುತ್ತದೆ. ‘ಸ್ವೀಕರಿಸಿದೆ, ಇನ್ನೂ ಮುಗಿದಿಲ್ಲ’ ಎಂದು ಹೇಳಲು ೨೦೨ ಎಂಬ ಉತ್ತರಸಂಖ್ಯೆ ಪ್ರಮಾಣಗ್ರಂಥದಲ್ಲೇ ಇದೆ. ಓದುವ ಕೋರಿಕೆಯನ್ನು ಎಷ್ಟು ಸಲ ಕಳುಹಿಸಿದರೂ ಹಾನಿಯಿಲ್ಲ, ಸಲ್ಲಿಸುವ ಕೋರಿಕೆ ಹಾಗಲ್ಲವೆಂಬ ವಿವೇಕವೂ ಅದೇ ಗ್ರಂಥದಲ್ಲಿದೆ. ಎರಡನೆಯ ಬಗೆಯದನ್ನು ಬ್ರೌಸರು ತಾನಾಗಿ ಮರಳಿ ಕಳುಹಿಸಬಾರದೆಂದು ಅದು ಎಚ್ಚರಿಸುತ್ತದೆ. ಮನುಷ್ಯರ ಬೆರಳಿಗೆ ಹಾಗೆ ಎಚ್ಚರಿಕೆ ಹೇಳುವವರಿಲ್ಲ. ಆದ್ದರಿಂದ ಪ್ರತಿಯೊಂದು ಅರ್ಜಿಯ ಹಾಳೆಗೂ ಒಂದು ಗುರುತಿನ ಚೀಟಿಯನ್ನು ಅಂಟಿಸಿ, ಅದೇ ಚೀಟಿ ಎರಡನೆಯ ಸಲ ಬಂದರೆ ಹಳೆಯ ರಶೀದಿಯನ್ನೇ ಮರಳಿ ಕೊಡುವ ಏರ್ಪಾಡು ಬೇಕು. ಇದು ಹೊಸ ವಿದ್ಯೆಯೇನೂ ಅಲ್ಲ. ವಿದ್ಯಾರ್ಥಿವೇತನದಂಥ ಪುಟಗಳನ್ನು ಕಟ್ಟುವವರು ವೇಗದ ಜಾಲವೂ ಹೊಸ ಯಂತ್ರವೂ ಇರುವ ಕೋಣೆಯಲ್ಲಿ ಕುಳಿತು ಪರೀಕ್ಷಿಸುತ್ತಾರೆಂದೂ,  ಕೊನೆಯ ದಿನ ಸಾವಿರಾರು ಮಂದಿ ಹಳೆಯ ಫೋನು ಹಿಡಿದು ಬರುವುದು ಅವರ ಕಣ್ಣಿಗೆ ಬೀಳುವುದಿಲ್ಲವೆಂದೂ ನನ್ನ ಊಹೆ.

ಆಕೆಯ ನಾಲ್ಕು ಅರ್ಜಿಗಳ ವಿಷಯವನ್ನು ಹೇಳದೆ ಬಿಟ್ಟರೆ ವಾಚಕರು ಕ್ಷಮಿಸಲಾರರು. ನಮ್ಮ ಕಾಲೇಜಿನ ಕಛೇರಿಯ ಗುಮಾಸ್ತರು ಮೂರನ್ನು ರದ್ದುಪಡಿಸುವಂತೆ ಪತ್ರ ಬರೆದುಕೊಟ್ಟರು; ಪ್ರಾಂಶುಪಾಲರ ರುಜುವಾಯಿತು; ಆಕೆ ಎರಡು ದಿನ ತರಗತಿಯನ್ನೂ, ಆಕೆಯ ತಾಯಿ ಎರಡು ದಿನದ ಕೂಲಿಯನ್ನೂ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದರು. ಹಣ ಬಂದದ್ದು ಪರೀಕ್ಷೆಯೆಲ್ಲ ಮುಗಿದ ಮೇಲೆ. ಈ ವರ್ಷದ ಅರ್ಜಿಯನ್ನು ಆಕೆ ಕೊನೆಯ ದಿನಕ್ಕೆ ಮೂರು ವಾರ ಮುಂಚೆಯೇ, ಬೆಳಗಿನ ಆರು ಗಂಟೆಗೆ, ಅದೇ ಐಫೋನಿನಿಂದ ಹಾಕಿದಳು. ಹನ್ನೊಂದು ಸೆಕೆಂಡಿನಲ್ಲಿ ಸಂಖ್ಯೆ ಬಂದಿತಂತೆ.